ದುಡಿಯಲಾಗದ ತಂದೆ-ತಾಯಿ, ಮಗುವಿನ ಜೀವನಾಂಶ

ಗಂಡ ಹೆಂಡಿರು ಬೇರೆಯಾದ ಮೇಲೆ ಮಗು ಒಬ್ಬರ ಬಳಿ ಬೆಳೆಯುತ್ತದೆ. ಇನ್ನೊಬ್ಬರು ತಿಂಗಳಿಗೆ ಇಷ್ಟು ಎಂದು ಜೀವನಾಂಶ ಕೊಡಬೇಕು. ಹಾಗೆ ಕೊಡಬೇಕಾದವರೇ ಅಪಘಾತದಲ್ಲಿ ಕಾಲು ಕಳೆದುಕೊಂಡರೆ, ಲಕ್ವ ಹೊಡೆದು ಹಾಸಿಗೆ ಹಿಡಿದರೆ, ಕಣ್ಣು ಹೋದರೆ, ಮಾನಸಿಕ ಕಾಯಿಲೆಯಿಂದ ಕೆಲಸ ಬಿಟ್ಟರೆ ನ್ಯಾಯಾಲಯದ ಆದೇಶ ಏನಾಗುತ್ತದೆ? ತಾನಾಗಿಯೇ ಅದು ಬಿದ್ದುಹೋಗುವುದಿಲ್ಲ. ಬದಲಿಸಲು ಬರುವುದೇ ಇಲ್ಲ ಎಂದೂ ಅಲ್ಲ. ಭಾರತದ ಕಾನೂನು ಇಲ್ಲಿ ನೋಡುವುದು ದೇಹಕ್ಕೆ ಏನಾಯಿತು ಎಂಬುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಏನು ಉಳಿದಿದೆ ಎಂಬುದನ್ನು. ಅಂಗವೈಕಲ್ಯ ಬಂದ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ. ದುಡಿಮೆಯ ಜೊತೆಗೆ ಬೇರೆಲ್ಲ ಆದಾಯವೂ ಬತ್ತಿದಾಗ ಜೀವನಾಂಶದ ಮೊತ್ತ ಇಳಿಯುತ್ತದೆ, ಕೆಲವೊಮ್ಮೆ ಸೊನ್ನೆಗೂ ಬರುತ್ತದೆ. ಆದರೆ ಮಗುವಿನ ಹಸಿವು ಮಾತ್ರ ಇಳಿಯುವುದಿಲ್ಲ. ಆದ್ದರಿಂದ ತಂದೆಯಿಂದ ಬಾರದ್ದನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಮೊದಲನೆಯದರಷ್ಟೇ ಮುಖ್ಯ. ವಕೀಲರ ಕೋಣೆಯಲ್ಲಿ ಇದರ ಚರ್ಚೆ ಆಗುವುದು ಕಡಿಮೆ.

ಮಗುವಿನ ಜೀವನಾಂಶಕ್ಕೆ ಒಂದಕ್ಕಿಂತ ಹೆಚ್ಚು ಕಾನೂನುಗಳಿವೆ. ಎಲ್ಲ ಧರ್ಮದವರಿಗೂ ಅನ್ವಯಿಸುತ್ತಿದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ಇದೆ. ವಿಚ್ಛೇದನದ ಮೊಕದ್ದಮೆ ನಡೆಯುವಾಗ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿಯೂ ಕೇಳಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲೂ ಮಕ್ಕಳ ನಿರ್ವಹಣೆಗೆ ಹಣ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. 1956ರ ಕಾಯ್ದೆ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಸ್ಪಷ್ಟವಾಗಿ ಹೊರಿಸುತ್ತದೆ. ಈ ಲೇಖನದಲ್ಲಿ ತಂದೆ ಎಂದಿರುವ ಕಡೆ, ಮಗು ತಂದೆಯ ಬಳಿ ಇದ್ದು ತಾಯಿ ಹಣ ಕೊಡಬೇಕಾದ ಸಂದರ್ಭಗಳಲ್ಲಿ ತಾಯಿ ಎಂದೂ ಓದಿಕೊಳ್ಳಬೇಕು.

144ನೇ ಕಲಮು ಸಾಕಷ್ಟು ಅನುಕೂಲವಿದ್ದೂ ಮಗುವನ್ನು ನೋಡಿಕೊಳ್ಳದವರ ಮೇಲೆ ಆದೇಶ ಮಾಡುತ್ತದೆ. ಇಲ್ಲಿ ಅನುಕೂಲ ಎಂದರೆ ಹೊಲ ಮನೆ, ಸಂಬಳ ಮಾತ್ರವಲ್ಲ. ಗಟ್ಟಿಮುಟ್ಟಾಗಿದ್ದು ದುಡಿಯಬಲ್ಲವನ ದುಡಿಯುವ ಶಕ್ತಿಯೇ ಒಂದು ಅನುಕೂಲ ಎಂದು ನ್ಯಾಯಾಲಯಗಳು ದಶಕಗಳಿಂದ ಹೇಳುತ್ತ ಬಂದಿವೆ. ಕೆಲಸವಿಲ್ಲ, ವ್ಯಾಪಾರ ನಿಂತಿದೆ, ಸಾಲವಾಗಿದೆ ಎಂದು ಬರುವ ಆರೋಗ್ಯವಂತ ಗಂಡಸಿಗೆ ಸುಪ್ರೀಂ ಕೋರ್ಟ್ 2022ರ ತೀರ್ಪೊಂದರಲ್ಲಿ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದಿತು. ಜವಾಬ್ದಾರಿ ತಪ್ಪಿಸಿಕೊಳ್ಳಲು ಕೆಲಸ ಬಿಟ್ಟು ಕೂರುವವರು ಇರುವ ಕಡೆ ಈ ನಿಲುವು ಸರಿಯೇ. ಆದರೆ ಅದು ನಿಂತಿರುವುದೇ ಮೈಯಲ್ಲಿ ಕಸುವಿದೆ ಎಂಬ ಊಹೆಯ ಮೇಲೆ. ಕಸುವೇ ಹೋಗಿದೆ ಎಂದು ದಾಖಲೆ ಸಮೇತ ತೋರಿಸಿದವನ ವಿಷಯದಲ್ಲಿ ಆ ಊಹೆ ನಿಲ್ಲಲಾರದು. ಆಗ ಅವನ ನಿಜವಾದ ಆದಾಯ, ಆಸ್ತಿಗಳನ್ನೇ ಅಳೆಯಬೇಕಾಗುತ್ತದೆ.

ಕರ್ನಾಟಕ ಹೈಕೋರ್ಟಿನ ಮುಂದೆ ಇಂಥ ಪ್ರಕರಣವೊಂದು ಬಂದಿತ್ತು. ಶೇ 75ರಷ್ಟು ಅಂಗವೈಕಲ್ಯವಾಗಿ ಊರುಗೋಲಿನ ಆಸರೆಯಲ್ಲಿ ನಡೆಯುತ್ತಿದ್ದ ಗಂಡನನ್ನು ಗಟ್ಟಿಮುಟ್ಟಾದವನೆಂದು ಭಾವಿಸಿ ಹೆಂಡತಿಗೆ ಜೀವನಾಂಶ ಕೊಡು ಎನ್ನಲಾಗದು ಎಂದು ಹೈಕೋರ್ಟ್ ಹೇಳಿತು. ಹೆಂಡತಿ ಆರೋಗ್ಯವಂತೆ, ದುಡಿಯಬಲ್ಲವಳು ಎಂಬುದೂ ಅಲ್ಲಿ ತೂಕಕ್ಕೆ ಬಂತು. ಪತ್ರಿಕೆಗಳಲ್ಲಿ ಈ ಸುದ್ದಿ ಓದಿದವರು ಅಂಗವಿಕಲರು ಜೀವನಾಂಶ ಕೊಡಬೇಕಾಗಿಲ್ಲ ಎಂದು ಅರ್ಥ ಮಾಡಿಕೊಂಡಿದ್ದರೆ ಅದು ತಪ್ಪು. ಹೆಂಡತಿಯ ವಿಷಯದಲ್ಲಿ ಆಡಬಹುದಾದ ಮಾತನ್ನು ಆರು ವರ್ಷದ ಮಗುವಿನ ವಿಷಯದಲ್ಲಿ ಆಡಲಾಗದು. ದೊಡ್ಡವರಿಗೆ ನೀನೇ ದುಡಿದುಕೋ ಎನ್ನಬಹುದು. ಮಗುವಿಗೆ ಯಾರೂ ಹಾಗೆ ಹೇಳಲಾರರು. ಹೆಂಡತಿಯದೂ ಮಗುವಿನದೂ ಒಂದೇ ಅರ್ಜಿಯಲ್ಲಿದ್ದಾಗ ಎರಡನ್ನೂ ಬೇರೆ ಬೇರೆಯಾಗಿ ತೂಗಿ ಮಗುವಿನ ಪಾಲನ್ನು ಪ್ರತ್ಯೇಕವಾಗಿ ನಮೂದಿಸುವ ಆದೇಶವೇ ಮೇಲು. ಮುಂದೆ ಬದಲಾವಣೆ ಕೇಳುವಾಗ ಯಾವುದು ಇಳಿಯಬೇಕು, ಯಾವುದು ಉಳಿಯಬೇಕು ಎಂಬ ಗೊಂದಲ ಆಗ ಇರುವುದಿಲ್ಲ.

ಎಲ್ಲರೂ ಎಡವುವುದು ಅಂಗವೈಕಲ್ಯವನ್ನು ಅಳೆಯುವ ಕಡೆ. ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿ ಕೊಡುವ ಪ್ರಮಾಣಪತ್ರದಲ್ಲಿ ಶೇಕಡಾವಾರು ಅಂಕಿಯೊಂದಿರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು. ಈ ಅಂಕಿ ಹೇಳುವುದು ದೇಹದ ಕೊರತೆಯನ್ನು, ದುಡಿಮೆಯ ನಷ್ಟವನ್ನಲ್ಲ. ಎರಡರ ನಡುವಿನ ಅಂತರವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಮೋಟಾರು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಬಿಡಿಸಿ ಹೇಳಿತು. ಎಡಗೈ ಕತ್ತರಿಸಿಹೋದರೆ ವೈದ್ಯರ ಲೆಕ್ಕದಲ್ಲಿ ಅಂಗವೈಕಲ್ಯ ಸುಮಾರು ಶೇ 60. ಕೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಪೂರ್ತಿ ಹೋದಂತೆಯೇ ಸರಿ. ಅವನೇ ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು, ಸಂಬಳ ಎಂದಿನಂತೆ ಬರಬಹುದು. ಪರಿಹಾರದ ಮೊತ್ತ ನಿರ್ಧರಿಸಲು ಹೇಳಿದ ಈ ಸೂತ್ರ ಜೀವನಾಂಶಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಶೇ 80 ಎಂದು ಬರೆದ ಅಂಗವಿಕಲರ ಗುರುತಿನ ಕಾರ್ಡು ಹಿಡಿದ ಸಾಫ್ಟ್‌ವೇರ್ ಎಂಜಿನಿಯರ್ ಗಾಲಿಕುರ್ಚಿಯಲ್ಲೇ ಕೂತು ಲಕ್ಷ ರೂಪಾಯಿ ದುಡಿಯುತ್ತಿರಬಹುದು. ಶೇ 45 ಎಂದು ಬರೆಸಿಕೊಂಡ ಗಾರೆ ಕೆಲಸದವನಿಗೆ ಸಾರುವೆ ಹತ್ತಲಾಗದೆ ಕೂಲಿಯೇ ಹುಟ್ಟದಿರಬಹುದು. ಕಾರ್ಡಿನ ಅಂಕಿ ನೋಡಿ ಮೊದಲನೆಯವನನ್ನು ಬಿಟ್ಟು ಎರಡನೆಯವನಿಗೆ ವಾರಂಟ್ ಕಳಿಸಿದರೆ ಅದು ಇಬ್ಬರ ಮಕ್ಕಳಿಗೂ ಮಾಡಿದ ಅನ್ಯಾಯ.

ಕಾರ್ಡೇ ಇಲ್ಲದವರ ಪಾಡು ಇನ್ನೂ ಕಷ್ಟ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪಾರ್ಕಿನ್‌ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಕುಡುಗೋಲು ಕಣ ರೋಗ, ಮಾನಸಿಕ ಕಾಯಿಲೆ ಎಲ್ಲವೂ ಅದರಲ್ಲಿವೆ. ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಕ್ಯಾನ್ಸರ್ ಇಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬರುವ ಆಟೊ ಚಾಲಕನಿಗೆ ಅಂಗವಿಕಲರ ಗುರುತಿನ ಕಾರ್ಡಾದ ಯುಡಿಐಡಿ ಸಿಗದೇ ಹೋಗಬಹುದು. ದುಡಿಯಲು ಆಗುವುದಿಲ್ಲ ಎಂಬುದಂತೂ ನಿಜ. ಜೀವನಾಂಶದ ಕಾನೂನು ಅಂಗವಿಕಲರ ಕಾರ್ಡನ್ನೇ ತರಬೇಕೆಂದು ಎಲ್ಲೂ ಹೇಳುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಡಯಾಲಿಸಿಸ್ ದಿನಾಂಕಗಳ ಪಟ್ಟಿ, ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯ, ಕೆಲಸದಿಂದ ಬಿಡಿಸಿದ ಪತ್ರ, ಬ್ಯಾಂಕ್ ಪಾಸ್‌ಬುಕ್ ಇವೆಲ್ಲವೂ ಪುರಾವೆಯೇ. ಮಾನಸಿಕ ಕಾಯಿಲೆಯಲ್ಲಿ ಇನ್ನೊಂದು ತೊಡಕಿದೆ. ಕಾಯಿಲೆ ಏರಿಳಿಯುತ್ತದೆ, ನಾಲ್ಕು ತಿಂಗಳು ಕೆಲಸ, ಆರು ತಿಂಗಳು ಆಸ್ಪತ್ರೆ. ನ್ಯಾಯಾಧೀಶರ ಎದುರು ನಿಂತ ದಿನ ಆ ವ್ಯಕ್ತಿ ಚೆನ್ನಾಗಿಯೇ ಕಾಣಬಹುದು. ಇಂಥ ಕಡೆ ಒಂದು ದಿನದ ಪ್ರಮಾಣಪತ್ರಕ್ಕಿಂತ ಎರಡು ಮೂರು ವರ್ಷಗಳ ಚಿಕಿತ್ಸೆ ಮತ್ತು ದುಡಿಮೆಯ ದಾಖಲೆ ಹೆಚ್ಚು ಹೇಳುತ್ತದೆ.

ಸರ್ಕಾರಿ ನೌಕರರದು ಬೇರೆಯೇ ಕಥೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂದು 2016ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಮಾಡುತ್ತಿದ್ದ ಕೆಲಸಕ್ಕೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಹುದ್ದೆ ಇಲ್ಲದಿದ್ದರೆ ಅದು ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಸಾರಿಗೆ ಸಂಸ್ಥೆಯ ಬಸ್ ಚಾಲಕ ಕಾಲು ಕಳೆದುಕೊಂಡರೆ ಸ್ಟೀರಿಂಗ್ ಬಿಡಬೇಕಾದೀತು, ಸಂಬಳ ಬಿಡಬೇಕಾಗಿಲ್ಲ. ಮಗುವಿನ ಜೀವನಾಂಶ ಉಳಿಸಿಕೊಳ್ಳಲು ಇದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಆದರೂ ಸ್ವಯಂ ನಿವೃತ್ತಿಯ ಅರ್ಜಿಗೆ ಸಹಿ ಹಾಕಿ ಮನೆಗೆ ಹೋದ ಮೇಲೆ ಈ ಹಕ್ಕಿನ ಬಗ್ಗೆ ತಿಳಿದುಕೊಳ್ಳುವವರಿದ್ದಾರೆ. ಜೀವನಾಂಶ ಇಳಿಸಿ ಎಂದು ಕೇಳುವವನು ಮೊದಲು ಈ ಹಕ್ಕನ್ನು ಬಳಸಿದ್ದಾನೆಯೇ ಎಂದು ಎದುರು ವಕೀಲರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಖಾಸಗಿ ಕಾರ್ಮಿಕರ ಪಾಲಿಗೆ ಸಂಬಳ ನಿಂತಾಗ ಅದರ ಬದಲಿಗೆ ಬರುವ ಹಣ ಯಾವುದೆಂದು ಹುಡುಕಬೇಕು. 1948ರ ನೌಕರರ ರಾಜ್ಯ ವಿಮೆ (ಇಎಸ್‌ಐ) ಕಾಯ್ದೆ ಹಾಕಿಕೊಟ್ಟ ಪದ್ಧತಿಯಲ್ಲಿ ಕೆಲಸದ ವೇಳೆ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದವರಿಗೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಅಂಗವೈಕಲ್ಯ ಶಾಶ್ವತವಾದರೆ ವೈದ್ಯಕೀಯ ಮಂಡಳಿ ನಿಗದಿ ಮಾಡಿದ ದುಡಿಮೆಯ ನಷ್ಟಕ್ಕೆ ತಕ್ಕಂತೆ ಮಾಸಿಕ ಹಣ ಬರುತ್ತದೆ. ನೌಕರರ ಪಿಂಚಣಿ ಯೋಜನೆಯಲ್ಲಿ, ಸೇವೆಯಲ್ಲಿದ್ದಾಗ ಸಂಪೂರ್ಣವಾಗಿ ಮತ್ತು ಶಾಶ್ವತವಾಗಿ ದುಡಿಯಲಾಗದವರಿಗೆ ಹತ್ತು ವರ್ಷದ ಸೇವೆ ಮುಗಿಯದಿದ್ದರೂ ಪಿಂಚಣಿ ಇದೆ. ಅಪಘಾತ ನ್ಯಾಯಮಂಡಳಿ ಕೊಡುವ ಪರಿಹಾರದಲ್ಲಿ ಭವಿಷ್ಯದ ದುಡಿಮೆಯ ನಷ್ಟ ಎಂಬ ಬಾಬ್ತು ದೊಡ್ಡದು. ಆ ದುಡಿಮೆ ಉಳಿದಿದ್ದರೆ ಅದರಲ್ಲಿ ಮಗುವಿಗೂ ಪಾಲಿತ್ತು. ಹಾಗಾಗಿ ಅದರ ಬದಲಿಗೆ ಬಂದ ಹಣದಲ್ಲೂ ಮಗುವಿನ ಪಾಲನ್ನು ಲೆಕ್ಕ ಹಿಡಿಯುವುದು ತರ್ಕಬದ್ಧ. ಅಸಂಘಟಿತ ವಲಯದವರಿಗೆ ಸಾಮಾನ್ಯವಾಗಿ ಇಎಸ್‌ಐ ಇಲ್ಲ, ಈ ಪಿಂಚಣಿಯೂ ಇಲ್ಲ. ಶೇ 80 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ಬಡವರಿಗೆ ಕೇಂದ್ರ ಕೊಡುವ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯದ ಮಾಸಾಶನ ಸೇರಿದರೂ ಅದು ಒಬ್ಬರ ಊಟ ಔಷಧಿಗೆ ಸಾಲದು. ಅದರಲ್ಲಿ ಮಗುವಿಗೆ ಪಾಲು ಕೊಡು ಎನ್ನುವುದು ಇಬ್ಬರನ್ನೂ ಉಪವಾಸ ಕೆಡವಿದಂತೆ.

ಈ ಹಣವನ್ನು ಲೆಕ್ಕಕ್ಕೆ ಹಿಡಿಯುವುದು ಬೇರೆ, ಜಪ್ತಿ ಮಾಡುವುದು ಬೇರೆ. ಮಾಮೂಲಿ ಸಾಲದ ಡಿಕ್ರಿಗಾದರೆ ಸಂಬಳದ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. ಜೀವನಾಂಶದ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಸಂಬಳದ ಮೂರನೇ ಒಂದು ಭಾಗವನ್ನು ಮಾತ್ರ ಕಾಪಾಡುತ್ತದೆ. ಅಂದರೆ ಮಗುವಿನ ಹಕ್ಕನ್ನು ಸಾಲ ಕೊಟ್ಟವರ ಹಕ್ಕಿಗಿಂತ ಮೇಲಿಟ್ಟಿದೆ. ಆದರೆ ಇಎಸ್‌ಐ ನಗದು ಸೌಲಭ್ಯವನ್ನು, ಕಾರ್ಮಿಕ ಪರಿಹಾರವನ್ನು ಕೋರ್ಟಿನ ಜಪ್ತಿಯಿಂದ ಹೊರಗಿಡುವುದು ಆ ಕಾನೂನುಗಳಲ್ಲಿ ಮೊದಲಿಂದ ಬಂದ ನಿಯಮ. ಗಾಯಗೊಂಡ ಕಾರ್ಮಿಕನನ್ನು ಸಾಲ ಕೊಟ್ಟವರಿಂದ ಕಾಪಾಡಲು ಮಾಡಿದ ನಿಯಮ ಅವನ ಸ್ವಂತ ಮಗುವಿಗೂ ಅಡ್ಡ ನಿಲ್ಲುತ್ತದೆ. ಶಾಸನಸಭೆ ಇದನ್ನು ಬೇಕೆಂದೇ ಮಾಡಿತೆಂದು ನಂಬುವುದು ಕಷ್ಟ. ಮಗುವಿಗಾಗಿ ಒಂದು ವಿನಾಯಿತಿ ಬರೆದರೆ ಸರಿಹೋಗುವ ಲೋಪ ಇದು.

ಹಳ್ಳಿಗಳಲ್ಲಿ ಮೊದಲು ನೋಡಬೇಕಾದ್ದು ಜಮೀನು. ಅಂಗವೈಕಲ್ಯ ಅಥವಾ ಕಾಯಿಲೆಯ ಕಾರಣಕ್ಕೆ ಯಾರಿಗೂ ಆಸ್ತಿ ತಪ್ಪುವುದಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಹೇಳುತ್ತದೆ. ಆದರೂ ಹಾಸಿಗೆ ಹಿಡಿದ ತಮ್ಮನ ಪಾಲನ್ನು ಅಣ್ಣಂದಿರೇ ಉಳುತ್ತ, ಅವನಿಗೆ ಎರಡು ಹೊತ್ತು ಊಟ ಹಾಕಿ, ಅವನಿಗೇನೂ ಆದಾಯವಿಲ್ಲ ಎಂದು ಕೋರ್ಟಿನಲ್ಲಿ ಹೇಳಿಸುವುದುಂಟು. ಪಹಣಿ ತೆಗೆಸಿ ನೋಡಿದರೆ ಜಂಟಿ ಖಾತೆಯಲ್ಲಿ ಅವನ ಹೆಸರಿರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡಾಗಲಿ ಹೆಣ್ಣಾಗಲಿ ಮಗುವಿಗೆ ಹುಟ್ಟಿನಿಂದಲೇ ಹಕ್ಕಿದೆ; ತಾಯಿ ಮಗುವಿನ ಪರವಾಗಿ ವಿಭಾಗದ ದಾವೆ ಹೂಡಬಹುದು. ಜೀವನಾಂಶ ತಪ್ಪಿಸಲೆಂದು ಆಸ್ತಿ ಮಾರಿದರೆ ವಿಷಯ ತಿಳಿದು ಕೊಂಡವನ ಮೇಲೂ ಆ ಹೊಣೆ ಬರುತ್ತದೆ. ದುಡಿಮೆ ಸಂಪೂರ್ಣವಾಗಿ ನಿಂತ ತಂದೆಯಿಂದ ತಿಂಗಳಿಗೆ 3,000 ಕೀಳಲು ಹತ್ತು ವಾಯಿದೆ ಓಡಾಡುವುದಕ್ಕಿಂತ ಅರ್ಧ ಎಕರೆ ಮಗುವಿನ ಹೆಸರಿಗೆ ಬರುವಂತೆ ರಾಜಿ ಮಾಡಿಕೊಳ್ಳುವುದು ಎಷ್ಟೋ ಕಡೆ ಇಬ್ಬರಿಗೂ ಹಿತ.

ತಂದೆಯ ಪಾಲು ಇಳಿದರೆ ತಾಯಿಯ ಪಾಲು ಏರುತ್ತದೆ. ಇಬ್ಬರೂ ದುಡಿಯುತ್ತಿದ್ದ ದಂಪತಿಯ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕಂತೆ ಎರಡಕ್ಕೊಂದರ ಪ್ರಮಾಣದಲ್ಲಿ ಹಂಚಿತು. ಅದೇ ತರ್ಕದಲ್ಲಿ ಒಬ್ಬರ ಆದಾಯ ಕುಸಿದಾಗ ಪ್ರಮಾಣವೂ ಬದಲಾಗಬೇಕು. ಅಜ್ಜ ಅಜ್ಜಿಯರ ವಿಷಯದಲ್ಲಿ ಹಿಂದೂ ಜೀವನಾಂಶ ಕಾಯ್ದೆ ಮೌನ. ಮಗ ಬದುಕಿರುವಾಗ ಮೊಮ್ಮಗುವನ್ನು ಸಾಕುವ ವೈಯಕ್ತಿಕ ಹೊಣೆಯನ್ನು ಅದು ಅಜ್ಜನ ಮೇಲೆ ಸ್ಪಷ್ಟವಾಗಿ ಹೊರಿಸಿಲ್ಲ. ಒಟ್ಟು ಕುಟುಂಬದ ಆಸ್ತಿಯ ದಾರಿಯಲ್ಲಿ ಮಾತ್ರ ಅವನವರೆಗೆ ಹೋಗಬಹುದು. ಮುಸ್ಲಿಂ ಕಾನೂನಿನ ಹನಫಿ ಪಂಥ ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಯೋಚಿಸಿದೆ. ತಂದೆ ಬಡವನಾಗಿ ದುಡಿಯಲೂ ಆಗದವನಾದರೆ ಅನುಕೂಲಸ್ಥಳಾದ ತಾಯಿ ಸಾಕಬೇಕು. ಅವಳೂ ಬಡವಳಾದರೆ ಅನುಕೂಲವಿರುವ ತಂದೆಯ ತಂದೆ ಸಾಕಬೇಕು. ದುಡಿಯಲಾಗದ ತಂದೆಯ ನಂತರ ಯಾರು ಎಂಬುದನ್ನು ಹೀಗೆ ಸಾಲಾಗಿ ಹೇಳುವ ನಿಯಮ 1956ರ ಜೀವನಾಂಶ ಕಾಯ್ದೆಯಲ್ಲೂ ಇರಬೇಕಿತ್ತು.

ಇಷ್ಟೆಲ್ಲ ಹಕ್ಕು ರಕ್ಷಣೆಗಳಿದ್ದೂ ಅಂಗವಿಕಲ ತಂದೆಯರು ಜೈಲಿನ ಬಾಗಿಲವರೆಗೆ ಹೋಗುವುದು ಒಂದೇ ಕಾರಣಕ್ಕೆ: ಹಣ ನಿಲ್ಲಿಸುತ್ತಾರೆ, ಕೋರ್ಟಿಗೆ ಹೇಳುವುದಿಲ್ಲ. ತಿಂಗಳಿಗೆ 8,000 ಕೊಡಬೇಕಾದ ಲಾರಿ ಚಾಲಕನೊಬ್ಬನ ಉದಾಹರಣೆ ಇಟ್ಟುಕೊಳ್ಳೋಣ. ಅಪಘಾತದಲ್ಲಿ ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಆಸ್ಪತ್ರೆ, ಕೃತಕ ಕಾಲು, ಸಾಲ ಎಂದು ಹತ್ತು ತಿಂಗಳು ಕಳೆದವು; ಕಾಲೇ ಹೋಗಿದೆ, ಕೇಳುವವರು ಯಾರು ಎಂದುಕೊಂಡ. ಹನ್ನೊಂದನೇ ತಿಂಗಳು 80,000 ಬಾಕಿಗೆ ಅರ್ಜಿ ಬಿತ್ತು, ವಾರಂಟ್ ಬಂತು. 144ನೇ ಕಲಮಿನಡಿ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ದಂಡದಂತೆ ವಸೂಲಿ ಮಾಡಬಹುದು, ಕೊಡದಿದ್ದರೆ ಒಂದು ತಿಂಗಳವರೆಗೆ ಸೆರೆಗೂ ಕಳಿಸಬಹುದು. ಸೆರೆಯಲ್ಲಿದ್ದು ಬಂದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿದೆ. ಅವನಿಗೆ ಉಳಿದ ರಕ್ಷಣೆ ಆ ಕಲಮಿನಲ್ಲೇ ಇದೆ: ಸಾಕಷ್ಟು ಕಾರಣವಿಲ್ಲದೆ ಕೊಡದವರಿಗೆ ಮಾತ್ರ ಸೆರೆ. ಕಾಲು ಹೋಗಿ ಆದಾಯ ನಿಂತದ್ದು ಸಾಕಷ್ಟು ಕಾರಣ ಎಂದು ವಾದಿಸಬಹುದು. ಆದರೆ ಅದು ಸೆರೆಯನ್ನು ತಪ್ಪಿಸೀತೇ ಹೊರತು 80,000ವನ್ನು ಅಳಿಸುವುದಿಲ್ಲ.

ಬಾಕಿ ಹೀಗೆ ಬೆಳೆಯುವುದನ್ನು ತಡೆಯುವ ದಾರಿ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮು, ಹಳೆಯ ಸಂಹಿತೆಯ 127. ಪರಿಸ್ಥಿತಿ ಬದಲಾದದ್ದನ್ನು ತೋರಿಸಿದರೆ ಮೊತ್ತವನ್ನು ಏರಿಸುವ, ಇಳಿಸುವ ಅಧಿಕಾರ ಅದರಲ್ಲಿದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 25ನೇ ಕಲಮು, ಕೌಟುಂಬಿಕ ಹಿಂಸೆ ಕಾಯ್ದೆಯ 25ನೇ ಕಲಮು ಕೂಡ ಅದನ್ನೇ ಹೇಳುತ್ತವೆ. ಬದಲಾವಣೆ ಸಾಮಾನ್ಯವಾಗಿ ಅರ್ಜಿಯ ಅಥವಾ ಆದೇಶದ ದಿನದಿಂದ ಮುಂದಕ್ಕೆ ಸಿಗುತ್ತದೆ, ಹಿಂದಕ್ಕೆ ಸಿಗುವುದು ಕಷ್ಟ. ಆದ್ದರಿಂದ ಆಸ್ಪತ್ರೆಯ ಹಾಸಿಗೆಯಿಂದಲೇ ವಕಾಲತ್ತಿಗೆ ಸಹಿ ಹಾಕಿ ಅರ್ಜಿ ಹಾಕಿಸುವುದು, ಅದು ತೀರ್ಮಾನವಾಗುವವರೆಗೆ ಐನೂರೋ ಸಾವಿರವೋ ಕೈಲಾದಷ್ಟನ್ನು ಬ್ಯಾಂಕ್ ಮೂಲಕ ಕಳಿಸುತ್ತಿರುವುದು ಒಳ್ಳೆಯದು. ಕೊಡಲಾಗದವನಿಗೂ ಕೊಡಲೊಲ್ಲದವನಿಗೂ ಇರುವ ವ್ಯತ್ಯಾಸವನ್ನು ಆ ಸಣ್ಣ ಜಮೆಗಳು ತೋರಿಸುತ್ತವೆ. ಖರ್ಚಿನ ಹೆದರಿಕೆಯೂ ಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರು, ಮಕ್ಕಳು, ಅಂಗವಿಕಲರು ಎಲ್ಲರಿಗೂ ಉಚಿತ ವಕೀಲರ ನೆರವಿದೆ. ಈ ವ್ಯಾಜ್ಯದ ಎರಡೂ ಕಡೆಯವರು ಆ ಪಟ್ಟಿಯಲ್ಲಿದ್ದಾರೆ. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಗೆ. ತಲೆಗೆ ಪೆಟ್ಟು ಬಿದ್ದು ಅರಿವಿಲ್ಲದವರ ಪರವಾಗಿ ವಾದಿಸಲು ನ್ಯಾಯಾಲಯ ಪಾಲಕರನ್ನು ನೇಮಿಸಬೇಕು. ಅದಿಲ್ಲದೆ ಅಂಥವರ ವಿರುದ್ಧ ಏಕಪಕ್ಷೀಯ ಆದೇಶ ಮಾಡುವುದು ನ್ಯಾಯವಲ್ಲ.

ನೆಪ ಹೇಳುವವರನ್ನು ಗುರುತಿಸಲು 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಒಳ್ಳೆಯ ಸಾಧನ ಕೊಟ್ಟಿದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚುಗಳ ವಿವರವನ್ನು ನಿಗದಿತ ನಮೂನೆಯ ಅಫಿಡವಿಟ್‌ನಲ್ಲಿ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕೆಂದಿತು. ಅಂಗವೈಕಲ್ಯದ ಪ್ರಮಾಣಪತ್ರ ತೋರಿಸಿ ಬಾಡಿಗೆ ಮನೆಗಳ ಆದಾಯ ಮುಚ್ಚಿಡುವುದು ಇದರಿಂದ ಕಷ್ಟವಾಗಿದೆ. ಅಂಗವಿಕಲ ತಂದೆಗೂ ಈ ಅಫಿಡವಿಟ್ ಉಪಕಾರಿಯೇ: ಔಷಧಿ, ಫಿಸಿಯೋಥೆರಪಿ, ಆರೈಕೆಯವರ ಸಂಬಳ ಇವನ್ನೆಲ್ಲ ಖರ್ಚಿನ ಕಡೆ ಬರೆಯಲು ಅಲ್ಲಿ ಜಾಗವಿದೆ. ಹಣ ಕೊಡಲಿಲ್ಲವೆಂದು ಮಗುವನ್ನು ಭೇಟಿ ಮಾಡಲು ಬಿಡದಿರುವುದು ಮಾತ್ರ ಸಲ್ಲದು. ದುಡಿಯಲಾಗದ ತಂದೆ ಮಗುವಿಗೆ ಕೊಡಬಹುದಾದದ್ದು ಸಮಯ. ಅದನ್ನೂ ಕಿತ್ತುಕೊಂಡರೆ ನಷ್ಟ ಮಗುವಿನದೇ.

ತಂದೆಯಿಂದ ಬಾರದೆ, ತಾಯಿಯಿಂದ ಸಾಲದೆ ಹೋದಾಗ ಸರ್ಕಾರದ ಬಾಗಿಲು ತಟ್ಟಬೇಕು. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಮಿನಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿದ್ದರೆ, ತಂದೆ ತಾಯಿ ಮಾರಕ ಕಾಯಿಲೆಗೆ ತುತ್ತಾಗಿದ್ದರೆ, ಅಪಘಾತದಿಂದಾಗಿ ಮಗುವನ್ನು ನೋಡಿಕೊಳ್ಳಲಾಗದ ಸ್ಥಿತಿಗೆ ಬಂದಿದ್ದರೆ ಮಗುವಿಗೆ ಹಣದ ನೆರವು ಕೊಡಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಈ ಮೊತ್ತ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಜೀವನಾಂಶದ ಮೊತ್ತ ಇಳಿಸುವ ಪ್ರತಿ ಆದೇಶದ ಜೊತೆಗೆ ಆ ಘಟಕಕ್ಕೊಂದು ಪತ್ರ ಹೋಗುವಂತೆ ಕೌಟುಂಬಿಕ ನ್ಯಾಯಾಲಯಗಳು ಮಾಡಿದರೆ ಮಗುವಿನ ಶಾಲೆಯ ಖರ್ಚು ನಡುನೀರಿನಲ್ಲಿ ನಿಲ್ಲುವುದಿಲ್ಲ. ಹೊಸ ಕಾನೂನೇನೂ ಬೇಕಿಲ್ಲದ ಕೆಲಸ ಇದು.

ಹೊರದೇಶಗಳ ಪೈಕಿ ಅಮೆರಿಕದ ಕ್ರಮ ಗಮನಿಸತಕ್ಕದ್ದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಅದು ಸಂಬಂಧಿಸುತ್ತದೆ. ದುಡಿದು ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದವರು ಅಂಗವಿಕಲರಾದರೆ ಅವರಿಗಲ್ಲದೆ ಅವರ ಮಗುವಿಗೂ ಪ್ರತ್ಯೇಕವಾಗಿ ಹಣ ಬರುತ್ತದೆ. ಅದು ಮೂಲ ಮೊತ್ತದ ಅರ್ಧದವರೆಗೆ ಇರಬಹುದು. ಬಹುಪಾಲು ರಾಜ್ಯಗಳು ಅದನ್ನು ಜೀವನಾಂಶದಲ್ಲಿ ವಜಾ ಹಾಕಿಕೊಳ್ಳುತ್ತವೆ. ಬಡವರಿಗೆಂದೇ ಇರುವ ಎಸ್‌ಎಸ್‌ಐ ಹಣವನ್ನು ಮಾತ್ರ ಮುಟ್ಟುವಂತಿಲ್ಲ. ಬಾಕಿಯ ವಿಷಯದಲ್ಲಿ ಅಲ್ಲಿನ 1986ರ ಕಾನೂನು ಭಾರತಕ್ಕಿಂತ ಕಠಿಣ: ಒಮ್ಮೆ ಬಾಕಿಯಾದ ಕಂತನ್ನು ಹಿಂದಿನ ದಿನಾಂಕದಿಂದ ಇಳಿಸಲು ನ್ಯಾಯಾಧೀಶರಿಗೂ ಅಧಿಕಾರವಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರಿ ನೆರವಿನ ಮೇಲೆ ಬದುಕುವವರಿಗೆ ವಾರಕ್ಕೆ ಏಳು ಪೌಂಡ್ ಎಂಬ ಚಿಕ್ಕ ಸಮಾನ ದರವಿದೆ. ಭಾರತದ ಇಎಸ್‌ಐ ವ್ಯವಸ್ಥೆಯಲ್ಲಿ ಕಾರ್ಮಿಕ ಸತ್ತರೆ ಮಗುವಿಗೆ ಪಾಲಿದೆ. ಬದುಕುಳಿದು ಅಂಗವಿಕಲನಾದರೆ ಮಗುವಿಗೆಂದು ಬೇರೆ ಪಾಲಿಲ್ಲ. ಅಮೆರಿಕದಿಂದ ಕಲಿಯಬೇಕಾದದ್ದು ಇದ್ದರೆ ಅದು ಇಲ್ಲಿ.

ಹೊಣೆ ಮುಗಿಯುವ ವಯಸ್ಸು ಸಾಮಾನ್ಯವಾಗಿ 18. ಹಿಂದೂ ಜೀವನಾಂಶ ಕಾಯ್ದೆಯಲ್ಲಿ ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಮದುವೆಯವರೆಗೆ ಹಕ್ಕಿದೆ. ಮಗುವಿಗೇ ದೈಹಿಕ ಅಥವಾ ಮಾನಸಿಕ ಕೊರತೆ ಇದ್ದು ಸಾಕಿಕೊಳ್ಳಲಾಗದಿದ್ದರೆ 144ನೇ ಕಲಮಿನಲ್ಲಿ ವಯಸ್ಸಿನ ಮಿತಿ ಇಲ್ಲ. ಬಾಕಿ ಉಳಿದ ಹಣ ಮಗುವಿಗೆ 18 ತುಂಬಿದರೂ ಬಾಕಿಯೇ. 144ನೇ ಕಲಮಿನಡಿಯೇ, ತಮ್ಮನ್ನು ಸಾಕಿಕೊಳ್ಳಲಾಗದ ತಂದೆ ತಾಯಿ ದುಡಿಯುವ ಮಕ್ಕಳಿಂದ ಜೀವನಾಂಶ ಕೇಳಬಹುದು. ಅಂಗವಿಕಲ ತಂದೆ ಆ ಮಗುವಿಗೆ ಹಿಂದೆ ಪೂರ್ತಿ ಜೀವನಾಂಶ ಕೊಟ್ಟಿರಬೇಕೆಂಬ ಷರತ್ತು ಅಲ್ಲಿಲ್ಲ.